ಬಚ್ಚಲ ಬಾಗಿಲಿನ ಬೊಟ್ಟು

ಗಾಯ ಮಾಯಿತು ಎಂಬ ಸುದ್ದಿ ಚರ್ಮಕ್ಕೆ ತಲುಪದೇ ಹೋದರೆ ಏನಾಗುತ್ತದೆ ಎಂಬುದನ್ನು ಇಂದುಮತಿ ಕೆಲವು ವರ್ಷಗಳಿಂದ ಎದೆಯ ಮೇಲೆ ಹೊತ್ತು ತಿರುಗುತ್ತಿದ್ದಳು. ಮಿರ್ಚಿ ಕರಿಯುವಾಗ ಕಾದ ಎಣ್ಣೆಯ ಒಂದು ಹನಿ ಸಿಡಿದು ಕುತ್ತಿಗೆಯ ಕೆಳಗೆ ಬಿದ್ದಿತ್ತು, ಅಷ್ಟೇ. ಸುಟ್ಟ ಜಾಗ ಬೇಗನೇ ಒಣಗಿತು. ಒಣಗಿದ ಮೇಲೆ ಬೆಳೆಯತೊಡಗಿತು. ಮೊದಲು ತೊಗರಿಕಾಳಿನಷ್ಟಿತ್ತು, ಆಮೇಲೆ ಹುಣಸೆಬೀಜದಷ್ಟಾಯಿತು, ಕಡೆಗೆ ಎರಡೂ ಕಡೆ ಕಾಲು ಚಾಚಿದ ಏಡಿಯಂತೆ ಎದೆಯ ನಡುವೆ ಕೂತುಬಿಟ್ಟಿತು. ಕೆಂಪಗೆ, ನುಣ್ಣಗೆ, ರಬ್ಬರಿನಷ್ಟು ಗಟ್ಟಿಯಾಗಿ. ದೊಡ್ಡ ದವಾಖಾನೆಯೊಂದರಲ್ಲಿ ಇಂಜೆಕ್ಷನ್ ಹಾಕಿಸಿದಳು, ಕೊಯ್ಯಿಸಿದಳು. ಮುಂದಿನ ದೀಪಾವಳಿಯ ಹೊತ್ತಿಗೆ ಏಡಿ ಸಂಸಾರ ಸಮೇತ ವಾಪಸ್ಸು ಬಂತು.

ನೋಡುವವರಿಗೆ ಅದು ಕಲೆ. ಇಂದುಮತಿಗೆ ಅದು ತುರಿಕೆ. ಉಸಿರು ಎಳೆದರೆ ಜಗ್ಗುತ್ತಿತ್ತು, ಬಿಟ್ಟರೆ ತುರಿಸುತ್ತಿತ್ತು. ಅವಳ ಕೆಲಸವೋ ದಿನವಿಡೀ ಉಸಿರೆಳೆಯುವುದೇ. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಗಾಜಿನ ಗೂಡಿನೊಳಗೆ ಕೂತು, ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಹೇಳುವುದು. ಗದಗ, ಕೊಪ್ಪಳ, ಹೊಸಪೇಟೆ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುವಷ್ಟರಲ್ಲಿ ಏಡಿ ಕಾಲು ಬಿಗಿ ಹಿಡಿಯುತ್ತಿತ್ತು. ಅವಳು ಮೈಕ್ ಆರಿಸುವುದನ್ನು ಮರೆತು ಕೆರೆದುಕೊಂಡಾಗ ಆ ಕರಕರ ಸದ್ದು ಇಡೀ ನಿಲ್ದಾಣಕ್ಕೆ ಕೇಳಿಸುತ್ತಿತ್ತು. ಇಲಿ ಹೊಕ್ಕಿದೆ ಎಂದು ಪ್ರಯಾಣಿಕರು ಎರಡು ಸಲ ದೂರು ಕೊಟ್ಟರು. ಮೂರನೆಯ ದೂರು ಬಂದರೆ ನಿನ್ನ ಜಾಗದಲ್ಲಿ ಮುದ್ರಿತ ದನಿ ಹಾಕುತ್ತೇವೆ ಎಂದು ಮೇಲಿನವರು ಸೂಚನೆ ಕೊಟ್ಟಿದ್ದರು.

ಇಂಥ ಹೊತ್ತಿನಲ್ಲಿ ಅವಳ ಹೆಸರು ಹೊಸ ಪ್ರಯೋಗವೊಂದಕ್ಕೆ ಆಯ್ಕೆಯಾಯಿತು. ಊರ ಹೊರಗಿನ ಚರ್ಮ ಸಂಶೋಧನಾ ಕೇಂದ್ರದಲ್ಲಿ ಡಾಕ್ಟರ್ ಹೇಮಲತಾ ಕೊಟಬಾಗಿ ಎಂಬವರು ಕೆಲಾಯ್ಡ್ ಎಂಬ ಇಂಥ ಬೆಳೆಯುವ ಕಲೆಗಳಿಗೆ ಅಂಟಿಸುವ ಒಂದು ಪಟ್ಟಿ ತಯಾರಿಸಿದ್ದರು. ಅವರು ಎತ್ತರದ ದನಿಯ, ಎಲ್ಲರನ್ನೂ ತರಗತಿಯಲ್ಲಿ ಕೂರಿಸಿಕೊಂಡಂತೆ ಮಾತಾಡುವ ಹೆಂಗಸು. ಮೊದಲ ದಿನ ಅವರು ವಿವರಿಸಿದ್ದು ಇಷ್ಟು: ಚರ್ಮದೊಳಗೆ ಗಾಯ ತುಂಬುವ ಕೋಶಗಳಿರುತ್ತವೆ. ಸುತ್ತಲಿನ ಚರ್ಮ ಜಗ್ಗಿದರೆ, ಬಿರುಕು ಇನ್ನೂ ತೆರೆದಿದೆ ಎಂದು ಅವು ತಿಳಿಯುತ್ತವೆ, ನಾರು ನೇಯುತ್ತವೆ. ಜಗ್ಗುವುದು ನಿಂತಾಗ ಕೆಲಸ ನಿಲ್ಲಿಸಬೇಕು. ಕೆಲವರ ಕೋಶಗಳು ನಿಲ್ಲಿಸುವುದಿಲ್ಲ. ಒಂದು ಉಸಿರು, ಒಂದು ಸೀನು, ಒಂದು ನಗು, ಎಲ್ಲವೂ ಅವುಗಳಿಗೆ ಹೊಸ ಗಾಯ. ಗೋಡೆ ಮುಗಿದ ಮೇಲೂ ಇಟ್ಟಿಗೆ ಇಡುತ್ತಲೇ ಇರುವ ಗೌಂಡಿಗಳಂತೆ.

ಪಟ್ಟಿ ಮಾಡುವ ಕೆಲಸ ಎರಡು. ಮೊದಲ ಮೂರು ವಾರ ಅದು ರೋಗಿಯ ಚರ್ಮದ ಮೇಲೆ ಕೂತು ಅಲ್ಲಿನ ಜಗ್ಗಾಟವನ್ನೆಲ್ಲ ಕಲಿಯುತ್ತದೆ. ಆಮೇಲೆ ಅದರಲ್ಲಿ ಶಾಂತವಾಗಿದ್ದ ಹೊತ್ತಿನ ಲಯವನ್ನು ಆರಿಸಿಕೊಂಡು, ಕೂದಲಿಗಿಂತ ತೆಳ್ಳಗಿನ ಎಳೆಗಳಿಂದ ಅದೇ ಲಯದಲ್ಲಿ ಚರ್ಮವನ್ನು ಮೆಲ್ಲಗೆ ಹಿಡಿದು ಬಿಡುತ್ತದೆ. ರೋಗಿಯ ಸ್ವಂತ ಶಾಂತಿಯನ್ನೇ ರೋಗಿಗೆ ಪಾಠ ಹೇಳುವುದು. ಕಲಿಕೆಯ ಅವಧಿಯಲ್ಲಿ ಸ್ನಾನದ ಹೊತ್ತು ಬಿಟ್ಟು ಬೇರೆ ಯಾವಾಗಲೂ ತೆಗೆಯಬಾರದು. ತೆಗೆದವರು ಪ್ರಯೋಗದಿಂದ ಹೊರಕ್ಕೆ. ಈ ಮಾತನ್ನು ಡಾಕ್ಟರು ಎರಡು ಸಲ ಹೇಳಿದರು.

ಪಟ್ಟಿಯ ಬಣ್ಣದ ಬಗ್ಗೆ ಕೇಂದ್ರದಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತಂತೆ. ಚರ್ಮದ ಬಣ್ಣ ಎಂದರೆ ಯಾರ ಚರ್ಮ ಎಂಬ ಪ್ರಶ್ನೆ ಬಂದು, ಜಗಳ ಬೇಡವೆಂದು ದುಂಡಗಿನ ಕಡುಗೆಂಪು ಪಟ್ಟಿ ಎಂದು ತೀರ್ಮಾನವಾಯಿತು. ಮುಟ್ಟಿದರೆ ಮಖಮಲ್ಲಿನಂತಿತ್ತು. ಪಟ್ಟಿಗಳು ಕಳಿಸುವ ಅಳತೆಯನ್ನು ಪರದೆಗಳ ಮುಂದೆ ಕೂತು ನೋಡಿಕೊಳ್ಳುವ ಎಂಜಿನಿಯರ್ ಇಮ್ತಿಯಾಜ್, ಇದರೊಳಗೆ ಮೈಬಿಸಿ ಅಳೆಯುವ ಒಂದು ಸಣ್ಣ ಬಿಲ್ಲೆಯೂ ಇರಲಿ ಎಂದು ಕೇಳಿದ್ದ. ಖರೀದಿ ಸಮಿತಿ ಅದನ್ನು ದುಂದುವೆಚ್ಚವೆಂದು ಹೊಡೆದುಹಾಕಿತ್ತು.

ಇಂದುಮತಿ ಪಟ್ಟಿ ಅಂಟಿಸಿಕೊಂಡು ಮನೆಗೆ ಬಂದಳು. ಅತ್ತೆ ನೀಲವ್ವ ಕನ್ನಡಕ ಏರಿಸಿ ನೋಡಿ, ಇಷ್ಟು ಓದಿದವರು ಕೂಡಿ ಕಡೆಗೆ ಒಂದು ಬೊಟ್ಟು ಮಾಡಿದರೇನು ಎಂದು ಕೇಳಿದಳು. ನೀಲವ್ವನ ಹಣೆಯ ಮೇಲೂ ಅಷ್ಟೇ ದೊಡ್ಡದೊಂದು ಸ್ಟಿಕ್ಕರ್ ಬೊಟ್ಟು ಸದಾ ಇರುತ್ತಿತ್ತು. ಅದೂ ಕಡುಗೆಂಪು, ಅದೂ ಮಖಮಲ್ಲು.

ಹಳೇ ಹುಬ್ಬಳ್ಳಿಯ ಓಣಿಯಲ್ಲಿದ್ದ ಆ ಮನೆಗೆ ಬಚ್ಚಲು ಒಂದೇ. ಅದರ ಹಲಗೆ ಬಾಗಿಲು ನೀಲವ್ವನ ಮಾವನ ಕಾಲದ್ದು. ಬಾಗಿಲ ಒಳಮೈಯಲ್ಲಿ, ಕಣ್ಣಿನ ಮಟ್ಟಕ್ಕೆ, ಆ ಮನೆಯ ಹೆಂಗಸರೆಲ್ಲ ಮೈ ತೊಳೆಯುವ ಮುನ್ನ ಬೊಟ್ಟು ತೆಗೆದು ಅಂಟಿಸುವ ಜಾಗ. ತಿರುಗಿ ಹಚ್ಚಿಕೊಳ್ಳಲು ಮರೆತವು, ಅಂಟು ಹೋದವು, ಮದುವೆಯಾಗಿ ಹೋದ ನಾದಿನಿ ಬಿಟ್ಟುಹೋದವು, ಎಲ್ಲ ಸೇರಿ ಬಾಗಿಲಿಗೆ ಅಮ್ಮ ಎದ್ದಂತೆ ಕಾಣುತ್ತಿತ್ತು. ಒಳಗಿನ ದೀಪ ಸುಟ್ಟು ಬಹಳ ಕಾಲವಾಗಿತ್ತು. ಅದನ್ನು ಬದಲಿಸುವವರು ಯಾರು ಎಂಬ ಬಗ್ಗೆ ಇಂದುಮತಿಯ ಗಂಡ ಫಕ್ಕೀರಪ್ಪನಿಗೂ ಮೈದುನ ಮಾಂತೇಶನಿಗೂ ಇನ್ನೂ ಒಮ್ಮತ ಮೂಡಿರಲಿಲ್ಲ.

ಮಾಂತೇಶ ಪೊಲೀಸ್ ಪರೀಕ್ಷೆಗೆ ತಯಾರಿ ನಡೆಸಿದ್ದ. ಬೆಳಿಗ್ಗೆ ಓಡಲು ಹೋಗುವ ಮೊದಲು ಅವನಿಗೆ ಬಚ್ಚಲು ಬೇಕು, ಕೆಲಸಕ್ಕೆ ಹೋಗುವ ಮೊದಲು ಇಂದುಮತಿಗೆ ಬೇಕು. ಎರಡೂ ಒಂದೇ ಹೊತ್ತು. ಅವನು ಮೂರು ಏಟು ಬಡಿಯುವನು, ತಡೆಯುವನು, ಮತ್ತೆ ಮೂರು ಬಡಿಯುವನು. ಒಳಗಿನಿಂದ ಇಂದುಮತಿ ಒಂದೇ ಮಾತು ಹೇಳುವಳು: "ಬಂದ್ನೋ ತಡೀಪಾ, ಎರಡ ನಿಮಿಷ." ಈ ಸಂವಾದ ಮದುವೆಯಾಗಿ ಬಂದಾಗಿನಿಂದ ನಡೆದಿತ್ತು.

ಪಟ್ಟಿ ಹಚ್ಚಿದ ಮರುದಿನವೂ ನಡೆಯಿತು. ಇಂದುಮತಿ ಪಟ್ಟಿಯನ್ನು ಬಿಡಿಸಿ, ಅಭ್ಯಾಸದಂತೆ ಬಾಗಿಲಿಗೆ ಅಂಟಿಸಿ, ನೀರು ಹಾಕಿಕೊಂಡಳು. ಮಾಂತೇಶ ಬಡಿದ. ಅವಳು ಅವಸರದಲ್ಲಿ ಮೈ ಒರೆಸಿ, ಕತ್ತಲಲ್ಲಿ ಕೈಗೆ ಸಿಕ್ಕ ಮಖಮಲ್ಲಿನ ದುಂಡನೆಯ ಬೊಟ್ಟನ್ನು ಏಡಿಯ ಮೇಲೆ ಒತ್ತಿಕೊಂಡು ಹೊರಬಂದಳು.

ಅದು ನೀಲವ್ವನ ಬೊಟ್ಟು.

ಇದು ಗೊತ್ತಾದದ್ದು ಮೂರು ವಾರ ಮುಗಿಯುವ ಹಿಂದಿನ ದಿನ. ಎದೆಯ ಮೇಲಿನ ಬೊಟ್ಟಿನ ಅಂಟು ಬಿಟ್ಟು ತಂಬಿಗೆಯೊಳಗೆ ಬಿತ್ತು. ಎತ್ತಿ ಬಾಗಿಲ ಸಂದಿನ ಬೆಳಕಿಗೆ ಹಿಡಿದರೆ ಹಿಂದೆ ಬೊಟ್ಟು ಮಾರುವವನ ಅಚ್ಚಿತ್ತು. ಇಂದುಮತಿ ಮೊಬೈಲಿನ ದೀಪ ಹಚ್ಚಿ ಬಾಗಿಲು ಹುಡುಕಿದಳು. ಹಳೆಯ ಬೊಟ್ಟುಗಳ ನಡುವೆ, ಒಂದು ಮೂಲೆಯಲ್ಲಿ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಹಸಿರು ಚುಕ್ಕೆ ಮಿನುಗಿಸುತ್ತ, ಕೇಂದ್ರದ ಪಟ್ಟಿ ಬಾಗಿಲನ್ನು ಕಲಿಯುತ್ತ ಕೂತಿತ್ತು.

ಡಾಕ್ಟರ ಮಾತು ನೆನಪಾಯಿತು. ತೆಗೆದವರು ಹೊರಕ್ಕೆ. ಮತ್ತೆ ಇಂಜೆಕ್ಷನ್, ಮತ್ತೆ ಕೊಯ್ಯುವುದು, ಮತ್ತೆ ಏಡಿಯ ಸಂಸಾರ. ಅವಳು ಪಟ್ಟಿಯನ್ನು ಸೆರಗಿನಿಂದ ಒರೆಸಿ ಎದೆಗೆ ಅಂಟಿಸಿಕೊಂಡಳು. ಯಾರಿಗೂ ಹೇಳಲಿಲ್ಲ. ಹೇಳಬೇಕು ಅನ್ನಿಸಲೂ ಇಲ್ಲ.

ಮರುದಿನ ಕೇಂದ್ರದಲ್ಲಿ ಅವಳಿಗೆ ಕುರ್ಚಿ ಸಿಕ್ಕಿತು, ಚಹಾ ಸಿಕ್ಕಿತು. ಇಮ್ತಿಯಾಜ್ ಪರದೆಯ ಮೇಲೆ ಬೇರೆಯವರ ಗೆರೆಗಳನ್ನು ತೋರಿಸಿದ. ಗರಗಸದ ಹಲ್ಲುಗಳು. ನಿದ್ದೆಯಲ್ಲೂ ಗರಗಸ, ಕನಸಿನಲ್ಲೂ ಯಾರೊಂದಿಗೋ ಜಗಳ. ಆಮೇಲೆ ಇಂದುಮತಿಯ ಗೆರೆ ತೋರಿಸಿದ. ಬೇಸಿಗೆಯ ಕೆರೆಯಂತೆ ನಿಶ್ಚಲ. ಬೆಳಿಗ್ಗೆ ಸ್ವಲ್ಪ ಉಬ್ಬಿ, ಮಧ್ಯಾಹ್ನ ಮೆಲ್ಲಗೆ ಇಳಿದು, ದಿನವಿಡೀ ಮಲಗಿಬಿಡುತ್ತಿತ್ತು. ನೀರು ಬಿದ್ದ ಹಲಗೆ ಉಬ್ಬಿ ಒಣಗುವುದನ್ನು ಅವರು ಅವಳ ಉಸಿರಾಟ ಎಂದು ತಿಳಿದಿದ್ದರು.

"ಇಂದುಮತಿ, ನೀವು ಧ್ಯಾನ-ಗೀನ ಮಾಡ್ತೀರೇನು?" ಎಂದು ಡಾಕ್ಟರ್ ಕೊಟಬಾಗಿ ಕೇಳಿದರು.

"ಇಲ್ರಿ ಬಾಯಾರ. ಮನ್ಯಾಗ ಸ್ವಲ್ಪ ಶಾಂತ ಇರ್ತೀನಿ."

ಪಕ್ಕದಲ್ಲಿದ್ದ ಫಕ್ಕೀರಪ್ಪನಿಗೆ ಚಹಾ ನೆತ್ತಿಗೇರಿತು. ಕೆಮ್ಮು ನಿಲ್ಲುವವರೆಗೆ ಅವನನ್ನು ಹೊರಗೆ ಕೂರಿಸಬೇಕಾಯಿತು.

ಒಂದೇ ಒಂದು ವಿಷಯ ಡಾಕ್ಟರಿಗೆ ಬಗೆಹರಿಯಲಿಲ್ಲ. ಬೆಳಗಿನ ಹೊತ್ತು ಆ ಗೆರೆಯಲ್ಲಿ ಮೂರು ಹೊಡೆತ, ಒಂದು ತಡೆ, ಮತ್ತೆ ಮೂರು ಹೊಡೆತ ಬರುತ್ತಿದ್ದವು. ಹೃದಯದಲ್ಲೇ ಏನೋ ಇದೆಯೆಂದು ಅವಳಿಗೆ ಇಸಿಜಿ ಮಾಡಿಸಿದರು. ಹೃದಯ ಸರಿಯಾಗಿತ್ತು. ಆಗ ಅದಕ್ಕೆ ಲ್ಯಾಟಿನ್ ಹೆಸರೊಂದನ್ನಿಟ್ಟು, ಪಟ್ಟಿಯ ಪಾಠ ಶುರುಮಾಡಿದರು.

ಪಾಠ ನಾಟಿತು. ವಾರ ಕಳೆಯುವುದರೊಳಗೆ ಇಂದುಮತಿಯ ತುರಿಕೆ ಹೋಯಿತು. ಎಷ್ಟೋ ವರ್ಷಗಳ ಮೇಲೆ ಅವಳು ಬೋರಲಾಗಿ ಮಲಗಿ ನಿದ್ದೆ ಮಾಡಿದಳು. ಏಡಿ ಮೆತ್ತಗಾಯಿತು, ಬಣ್ಣ ಇಳಿಯಿತು, ಕಾಲುಗಳನ್ನು ಒಂದೊಂದಾಗಿ ಒಳಗೆಳೆದುಕೊಂಡಿತು. ಕೊಪ್ಪಳ ದಾಟಿ ಹೊಸಪೇಟೆಯವರೆಗೆ ಒಂದೇ ಉಸಿರಿನಲ್ಲಿ ಹೇಳಿದರೂ ಎದೆ ಜಗ್ಗುತ್ತಿರಲಿಲ್ಲ.

ಆದರೆ ಪಟ್ಟಿ ಬಾಗಿಲಿನಿಂದ ಕಲಿತದ್ದು ಬರೀ ನಿಶ್ಚಲತೆಯನ್ನಲ್ಲ. ಬೆಳಗಿನ ಪಾಳಿಯಲ್ಲಿ ಒಂದು ದಿನ ಇಂದುಮತಿ, ಗದಗಕ್ಕೆ ಹೋಗುವ ಬಸ್ಸು ನಾಲ್ಕನೆಯ ಅಂಕಣದಿಂದ ಈಗ ಹೊರಡಲಿದೆ ಎನ್ನುತ್ತಿದ್ದಾಗ ಎದೆಯ ಮೇಲೆ ಮೂರು ಏಟು ಬಿದ್ದವು. ನೋವಿಲ್ಲ, ಬರೀ ಬಡಿತ. ಅವಳ ಬಾಯಿ ಅವಳನ್ನು ಕೇಳಲಿಲ್ಲ.

"ಬಂದ್ನೋ ತಡೀಪಾ, ಎರಡ ನಿಮಿಷ."

ಇಡೀ ನಿಲ್ದಾಣಕ್ಕೆ ಕೇಳಿತು. ಗದಗ ಬಸ್ಸಿನ ಚಾಲಕ ಆಜ್ಞೆ ಮೇಲಿನಿಂದ ಬಂತೆಂದು ತಿಳಿದು ಎಂಜಿನ್ ಆರಿಸಿ ಎರಡು ನಿಮಿಷ ಕಾದ. ಓಡಿ ಬಂದ ಒಬ್ಬ ಮುದುಕಿಗೆ ಬಸ್ಸು ಸಿಕ್ಕಿತು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನದ ಹೊತ್ತಿಗೆ ಗದಗದ ಪ್ರಯಾಣಿಕರು ಅದನ್ನು ಲೆಕ್ಕಕ್ಕೆ ಹಿಡಿದು ನಿಧಾನವಾಗಿ ಬರತೊಡಗಿದರು. ಮೇಲಿನವರಿಗೆ ಮೂರನೆಯ ದೂರು ಬರಲಿಲ್ಲ. ಮೆಚ್ಚುಗೆಯ ಪತ್ರ ಬಂತು.

ಅತ್ತ ಕೇಂದ್ರದಲ್ಲಿ ಬೇರೆ ಯಾವ ರೋಗಿಗೂ ಗುಣ ಕಂಡಿರಲಿಲ್ಲ. ತಮ್ಮದೇ ಗರಗಸವನ್ನು ತಮಗೇ ಪಾಠ ಹೇಳಿಸಿಕೊಂಡು ಇಬ್ಬರ ಕಲೆ ಇನ್ನಷ್ಟು ಹಿಗ್ಗಿತ್ತು. ಹಾಗಾಗಿ ಡಾಕ್ಟರ್ ಕೊಟಬಾಗಿ ಇಂದುಮತಿಯ ಲಯವನ್ನೇ ಎಲ್ಲರ ಪಟ್ಟಿಗೂ ತುಂಬಿಸಲು ನಿರ್ಧರಿಸಿದರು. ಅದಕ್ಕೆ ಮೊದಲು ಇಷ್ಟು ಶಾಂತವಾದ ಹೆಣ್ಣುಮಗಳು ಬದುಕುವ ಮನೆಯ ವಾತಾವರಣ ಎಂಥದೆಂದು ತಿಳಿಯಬೇಕಿತ್ತು. ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ ಎಂದು ಹೇಳಿಕಳಿಸಿದರು. ನೀಲವ್ವ ಇಳಕಲ್ ಸೀರೆ ಉಟ್ಟು, ಹೊಸ ಬೊಟ್ಟು ಹಚ್ಚಿ ಬಂದಳು.

ಸಭೆಯಲ್ಲಿ ಬೇರೆ ಊರಿನ ಡಾಕ್ಟರುಗಳೂ ಇದ್ದರು. ನೀಲವ್ವನಿಗೆ ಸೊಸೆಯ ಸ್ವಭಾವದ ಬಗ್ಗೆ ಕೇಳಿದರು. ಅವಳು ನೀವು ಯಾರ ವಿಷಯ ಕೇಳುತ್ತಿದ್ದೀರಿ ಎಂಬಂತೆ ಸುತ್ತ ನೋಡಿದಳು. ಅಷ್ಟರಲ್ಲಿ ಇಮ್ತಿಯಾಜ್, ಆ ಬೆಳಗಿನ ಹೊಡೆತಗಳನ್ನು ಬರೀ ಗೆರೆಯಾಗಿ ನೋಡುವುದಕ್ಕಿಂತ ಸದ್ದಾಗಿಸಿ ಕೇಳಿದರೆ ಹೊಳೆಯಬಹುದೆಂದು ಸ್ಪೀಕರಿಗೆ ಜೋಡಿಸಿದ. ಮೂರು ಹೊಡೆತ. ತಡೆ. ಮೂರು ಹೊಡೆತ.

"ಇದು ನಮ್ಮ ಮಾಂತ್ಯಾ ಬಚ್ಚಲ ಬಾಗಲಾ ಬಡಿಯೋದಲ್ಲೇನ?" ಎಂದಳು ನೀಲವ್ವ.

ಯಾರೂ ಉತ್ತರ ಕೊಡಬೇಕಾಗಲಿಲ್ಲ. ಅಷ್ಟು ಹೊತ್ತಿಗೆ ಇಂದುಮತಿ ಕುರ್ಚಿಯಿಂದ ಅರ್ಧ ಎದ್ದು, ಬಂದ್ನೋ ತಡೀಪಾ ಎಂದು ಹೇಳಿಯಾಗಿತ್ತು.

ಆಮೇಲೆ ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ತಂಬಿಗೆ, ಅಂಟು, ಸುಟ್ಟ ದೀಪ ಎಲ್ಲವನ್ನೂ ಹೇಳಿದಳು. ಡಾಕ್ಟರ್ ಕೊಟಬಾಗಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಂದ್ರ ಮೂರು ವಾರ ನಾವು ಬಾಗಲಾ ನೋಡೇವಿ."

"ಇಸಿಜಿನೂ ಮಾಡಿಸೇವಿ ಮೇಡಂ," ಎಂದ ಇಮ್ತಿಯಾಜ್. ಬಿಸಿ ಅಳೆಯುವ ಬಿಲ್ಲೆಯ ಮಾತನ್ನು ಅವನು ಎತ್ತಲಿಲ್ಲ. ಖರೀದಿ ಸಮಿತಿಯವರು ಎದುರಿಗೇ ಕೂತಿದ್ದರು, ಅವರ ಕಡೆ ಸುಮ್ಮನೆ ನೋಡಿದ.

ನಿಯಮ ನಿಯಮವೇ. ಇಂದುಮತಿ ಪ್ರಯೋಗದಿಂದ ಹೊರಬಿದ್ದಳು. ಪಟ್ಟಿಯನ್ನು ಬಿಡಿಸಿ ಗಾಜಿನ ಡಬ್ಬಿಗೆ ಹಾಕಿಕೊಂಡರು. ಹೊರಗೆ ಬಂದ ಮೇಲೆ ನೀಲವ್ವ, ತಾನು ಬಾಯಿ ಬಿಡಬಾರದಿತ್ತು ಎಂದಳು. ಅತ್ತೆ ಸೊಸೆಗೆ ತಪ್ಪೊಪ್ಪಿದ್ದು ಆ ಮನೆಯ ಇತಿಹಾಸದಲ್ಲೇ ಮೊದಲು. ಇಂದುಮತಿಗೆ ಅದರಿಂದ ಏನೂ ಸಮಾಧಾನವಾಗಲಿಲ್ಲ.

ಸ್ವಲ್ಪ ದಿನಕ್ಕೇ ತುರಿಕೆ ಮರಳಿತು. ಮೈಕಿನಲ್ಲಿ ಮತ್ತೆ ಇಲಿ ಹೊಕ್ಕಿತು. ಇಂದುಮತಿ ಸುಮ್ಮನೆ ಕೂರುವ ಹೆಂಗಸಲ್ಲ. ಪಟ್ಟಿ ಇಲ್ಲದಿದ್ದರೇನು, ಬಾಗಿಲು ಮನೆಯಲ್ಲೇ ಇದೆಯಲ್ಲ ಎಂದು ಲೆಕ್ಕ ಹಾಕಿದಳು. ಬೆಳಿಗ್ಗೆ ಬಚ್ಚಲು ಹೊಕ್ಕು, ಎದೆಯನ್ನು ಬಾಗಿಲ ಹಲಗೆಗೆ ಒತ್ತಿ ನಿಂತು, ಮಾಂತೇಶನಿಗೆ ಬಡಿಯಲು ಹೇಳಿದಳು. ಅವನು ಬಡಿದ. ಸಾಕಾಗಲಿಲ್ಲ, ಇನ್ನೂ ಬಡಿ ಎಂದಳು. ಬೇಗ ಹೊರಗೆ ಬಾ ಎಂದು ಬಡಿಯುತ್ತಿದ್ದವನು, ಹೊರಗೆ ಬರುವುದಿಲ್ಲ ಬಡಿಯುತ್ತಿರು ಎಂಬ ಉತ್ತರ ಕೇಳಿ ಗಾಬರಿಯಾಗಿ ಅವ್ವನನ್ನು ಕರೆದ. "ವೈನಿಗೆ ಏನೋ ಆಗೇತಿ ನೋಡಬೇ," ಎಂದು ಅವಳ ಕಿವಿಯಲ್ಲಿ ಹೇಳಿದ. ಹಲಗೆಯ ಸಿಬಿರು ಚುಚ್ಚಿ ಇಂದುಮತಿಗೆ ಹೊಸದೊಂದು ಗಾಯವಾದದ್ದು ಬಿಟ್ಟರೆ ಫಲ ಸಿಗಲಿಲ್ಲ. ಆ ಹೊಸ ಗಾಯವನ್ನು ಅವಳು ದಿನಕ್ಕೆ ಹತ್ತು ಸಲ ಕನ್ನಡಿಯಲ್ಲಿ ನೋಡಿಕೊಂಡಳು. ಅದರ ಅಂಚು ಕೆಂಪಗಾಗಿತ್ತು. ಇನ್ನೊಂದು ಏಡಿ ಹುಟ್ಟುವ ಬಗೆ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅತ್ತ ಕೇಂದ್ರದವರೂ ಸುಮ್ಮನೆ ಕೂತಿರಲಿಲ್ಲ. ಹೊರಬಿದ್ದವರ ಅಳತೆಯನ್ನು ಬೇರೆಯವರ ಪಟ್ಟಿಗೆ ತುಂಬಿಸುವಂತಿರಲಿಲ್ಲ. ಶಾಂತಿ ಬಾಗಿಲಿನಲ್ಲಿದೆ ಎಂದಾದರೆ ಕೇಂದ್ರದಲ್ಲಿ ಬಾಗಿಲುಗಳಿಗೇನು ಬರ. ಹೊರರೋಗಿ ವಿಭಾಗದ ಬಾಗಿಲಿಗೆ ಪಟ್ಟಿ ಹಚ್ಚಿದರು. ಅದು ದಿನವಿಡೀ ತೆರೆದು ಮುಚ್ಚಿ ರೋಗಿಗಳಿಗಿಂತ ಹೆಚ್ಚು ಬಳಲಿತ್ತು. ನಿರ್ದೇಶಕರ ಕೋಣೆಯ ಬಾಗಿಲಿಗೆ ಹಚ್ಚಿದರು. ಅದನ್ನು ಯಾರೂ ಬಡಿಯುವ ಧೈರ್ಯ ಮಾಡಲಿಲ್ಲ, ಪಟ್ಟಿ ಏನೂ ಕಲಿಯಲಿಲ್ಲ. ಗೋಡೆಗೂ ಹಚ್ಚಿ ನೋಡಿದರು. ಗೋಡೆಯ ಪಾಠವನ್ನು ಚರ್ಮದ ಕೋಶಗಳು ಗಮನಕ್ಕೇ ತೆಗೆದುಕೊಳ್ಳಲಿಲ್ಲ.

ಕಡೆಗೆ ಡಾಕ್ಟರ್ ಕೊಟಬಾಗಿಗೆ ಹೊಳೆಯಿತು. ಬರೀ ನಿಶ್ಚಲತೆಯಿಂದ ಕೋಶಗಳು ಕಲಿಯುವುದೇನೂ ಇಲ್ಲ. ಜಗ್ಗಾಟ ಬರಬೇಕು, ಮತ್ತೆ ಅದು ಮುಗಿಯಬೇಕು. ಮುಗಿಯಿತು ಎಂಬುದು ಅವುಗಳಿಗೆ ಗೊತ್ತಾಗಬೇಕು. ನೀಲವ್ವನ ಮನೆಯ ಬಾಗಿಲು ಬಡಿಸಿಕೊಳ್ಳುತ್ತಿತ್ತು, ಎರಡು ನಿಮಿಷಕ್ಕೆ ತೆರೆಯುತ್ತಿತ್ತು, ಆಮೇಲೆ ಮರುದಿನದವರೆಗೆ ಅದಕ್ಕೆ ಚಿಂತೆಯಿರಲಿಲ್ಲ. ಮನುಷ್ಯರಲ್ಲಿ ಅಂಥವರು ಪ್ರಯೋಗಕ್ಕೆ ಒಬ್ಬರೂ ಸಿಕ್ಕಿರಲಿಲ್ಲ.

ಒಂದು ಸಂಜೆ ಡಾಕ್ಟರು ಇಮ್ತಿಯಾಜನೊಂದಿಗೆ ಓಣಿಗೇ ಬಂದರು. ಸಭೆಯಲ್ಲಿ ನಡೆದದ್ದಕ್ಕೆ ಬೇಸರ ಹೇಳಿದರು, ಚಹಾ ಕುಡಿದರು, ಆಮೇಲೆ ವಿಷಯಕ್ಕೆ ಬಂದರು. ಕೇಂದ್ರಕ್ಕೆ ಆ ಬಾಗಿಲು ಬೇಕಿತ್ತು. ಬದಲಿಗೆ ಹೊಸ ಬಾಗಿಲು, ಫೈಬರಿನದು, ಹಾಕಿಸಿಕೊಡುವುದಾಗಿ ಹೇಳಿದರು.

ಇಂದುಮತಿ ಎದೆ ಕೆರೆದುಕೊಳ್ಳುತ್ತಲೇ ಕೇಳಿದಳು: "ನನ್ನ ಪಟ್ಟಿ?"

ನಿಯಮದ ಪ್ರಕಾರ ಆಗುವುದಿಲ್ಲ, ಆದರೂ ಮುಂದೆ ನೋಡೋಣ ಎಂದು ಡಾಕ್ಟರು ನೆಲ ನೋಡಿದರು.

"ಹಂಗಂದ್ರ ಬಾಗಲಾನೂ ಮುಂದ ನೋಡೂಣ್ರಿ."

ಡಾಕ್ಟರು ನೀಲವ್ವನ ಕಡೆ ತಿರುಗಿ, ನೀವು ಹಿರಿಯರು, ನೀವಾದರೂ ತಿಳಿಸಿ ಹೇಳಿ ಎಂದರು. ನೀಲವ್ವ ಬಾಯಿಯ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು.

"ಬಾಗಲಾ ನನ್ನ ಮಾವಂದು. ಬಡಿಯೋ ಕೈ ನನ್ನ ಮಗಂದು. ಒಳಗಿಂದ ಓ ಅನ್ನಾಕಿ ಈಕಿ. ಮೂರೂ ಒಂದ ಕಡೆ ಇದ್ರ ನಡೀತೈತಿ. ಈಕೀನ ಬಿಟ್ಟು ಬರೇ ಕಟಗಿ ಒಯ್ದು ಏನ ಮಾಡ್ತೀರಿ, ಒಲಿಗೆ ಹಾಕ್ತೀರಿ?"

ಇಮ್ತಿಯಾಜ್ ಮೆಲ್ಲಗೆ ಗಾಜಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅವನು ಬರುವಾಗಲೇ ಅದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದ. ಡಾಕ್ಟರು ಅವನನ್ನು ದುರುಗುಟ್ಟಿ ನೋಡಿ, ಆಮೇಲೆ ನಿಯಮದಲ್ಲಿ ಮಾರ್ಗದರ್ಶಕರು ಎಂಬ ಒಂದು ದರ್ಜೆ ಇದೆ, ಅದರಲ್ಲಿ ಇಂದುಮತಿಯನ್ನು ಸೇರಿಸಬಹುದು ಎಂದರು. ಪಟ್ಟಿ ಏಡಿಯ ಮೇಲೆ ಕೂತಿತು. ಬಾಗಿಲು ಅದರ ಚೌಕಟ್ಟಿನಲ್ಲೇ ಉಳಿಯಿತು. ಕಲಿಯಬೇಕಾದ ಪಟ್ಟಿಗಳೇ ಬಚ್ಚಲಿಗೆ ಬರುವುದೆಂದಾಯಿತು.

ಬಂದವು. ಬಾಗಿಲ ಒಳಮೈಯಲ್ಲಿ ಸಾಲಾಗಿ, ಯಾರ್ಯಾರದೋ ಕಿವಿಯ, ಭುಜದ, ಗದ್ದದ ಪಟ್ಟಿಗಳು ಕೂತವು. ನೀಲವ್ವ ತನ್ನ ಬೊಟ್ಟುಗಳನ್ನೆಲ್ಲ ಕಿತ್ತು ಅವಕ್ಕೆ ಜಾಗ ಮಾಡಿಕೊಟ್ಟು, ಇನ್ನು ಮುಂದೆ ತನ್ನದನ್ನು ನಲ್ಲಿಯ ಮೇಲೆ ಅಂಟಿಸುವುದಾಗಿ ಸಾರಿದಳು. ಕೇಂದ್ರದ ಖರ್ಚಿನಲ್ಲಿ ಬಚ್ಚಲಿಗೆ ದೀಪವೂ ಬಂತು.

ಮೊದಲ ದಿನ ಮಾಂತೇಶನೇ ಕೈಕೊಟ್ಟ. ಅಂಗಳದಲ್ಲಿ ಡಾಕ್ಟರು, ಇಮ್ತಿಯಾಜನ ಪೆಟ್ಟಿಗೆ, ಇಣುಕುವ ಓಣಿ, ಇದನ್ನೆಲ್ಲ ನೋಡಿ ಅವನಿಗೆ ಸಂಕೋಚವಾಯಿತು. ಮೇಲಧಿಕಾರಿಯ ಕೋಣೆಯನ್ನು ಬಡಿಯುವಂತೆ ಒಂದೇ ಬೆರಳಲ್ಲಿ ಟಕ್ ಟಕ್ ಎನ್ನಿಸಿದ. ಜೋರಾಗಿ ಎಂದು ಇಮ್ತಿಯಾಜ್ ಕೈಸನ್ನೆ ಮಾಡಿದಷ್ಟೂ ಬೆರಳು ಮೆತ್ತಗಾಯಿತು. ಇಂದುಮತಿ ಒಳಗಿನಿಂದ ಇದನ್ನೆಲ್ಲ ಕೇಳಿ, ಚಿಲಕ ಭದ್ರ ಮಾಡಿ, ನಲ್ಲಿ ತಿರುಗಿಸಿ, ತಲೆಗೆ ಸೀಗೆಪುಡಿ ಕಲಸಲು ಕೂತಳು. ಮಾಂತೇಶನ ಓಟದ ಹೊತ್ತು ಮೀರಿತು. ಅಂಗಳದಲ್ಲಿ ಡಾಕ್ಟರಿದ್ದಾರೆ ಎಂಬುದು ಅವನಿಗೆ ಮರೆತೇಹೋಯಿತು. ಬಾಗಿಲಿನ ಕೀಲು ಅಲುಗುವಂತೆ ಮೂರು ಬಿದ್ದವು.

ಇಮ್ತಿಯಾಜನ ಪರದೆಯ ಮೇಲೆ ಅಷ್ಟೂ ಪಟ್ಟಿಗಳ ಗೆರೆಗಳು ಒಟ್ಟಿಗೆ ಜಿಗಿದು, ಒಟ್ಟಿಗೆ ಮಲಗಿದವು.

ಮಳೆಗಾಲ ಕಳೆಯುವ ಹೊತ್ತಿಗೆ ಇಂದುಮತಿಯ ಏಡಿ ಪೂರ್ತಿ ಇಳಿದು, ಇತ್ತೆಂಬುದಕ್ಕೆ ತೆಳ್ಳಗಿನ ಗುರುತು ಮಾತ್ರ ಉಳಿಯಿತು. ಮರಳಿ ಬಾರದಿರಲೆಂದು ಪಟ್ಟಿಯನ್ನು ಅವಳು ತೆಗೆದಿರಲಿಲ್ಲ. ಸಿಬಿರು ಚುಚ್ಚಿದ ಹೊಸ ಗಾಯ ಏಡಿಯಾಗದೆ ಮಾಯಿತು. ಮೈಕಿನ ಇಲಿ ಸತ್ತಿತು. ಮುದ್ರಿತ ದನಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಉಳಿದ ರೋಗಿಗಳದೂ ಒಬ್ಬೊಬ್ಬರದಾಗಿ ಮೆತ್ತಗಾಗುತ್ತಿದೆ ಎಂದು ಕೇಂದ್ರದಿಂದ ಸುದ್ದಿ ಬರುತ್ತಿತ್ತು. ಅವರು ಯಾರು, ಯಾವ ಊರಿನವರು ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳುವಂತೆಯೂ ಇರಲಿಲ್ಲ.

ಚಳಿ ಬಿದ್ದ ಒಂದು ಬೆಳಿಗ್ಗೆ ಅವಳು ಗೂಡಿನಲ್ಲಿ ಕೂತು ಗದಗದ ಬಸ್ಸನ್ನು ಹೇಳುತ್ತಿದ್ದಳು. ಎದುರಿನ ಬೆಂಚಿನಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡ, ಮಡಿಕೆ ಮುರಿಯದ ಧೋತರದ ಹಿರಿಯರೊಬ್ಬರು ಪೇಪರ್ ಓದುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಎದೆಯ ಮೇಲೆ ಮೂರು ಏಟು ಬಿದ್ದವು. ಈಗ ಇಂದುಮತಿ ಪಳಗಿದ್ದಳು. ಬಾಯಿ ಬಿಗಿಹಿಡಿದು ಸುಮ್ಮನಾದಳು. ಬೆಂಚಿನ ಹಿರಿಯರು ಮಾತ್ರ ಒಮ್ಮೆಲೇ ಕಿವಿ ಹಿಡಿದುಕೊಂಡು, ಪೇಪರ್ ಕೆಳಗೆ ಬೀಳಿಸಿ, ನಿಲ್ದಾಣವೆಲ್ಲ ತಿರುಗಿ ನೋಡುವಂತೆ ಕೂಗಿದರು:

"ಒಳಗ ಅದೀನ್ರೀ."

ಇಂದುಮತಿ ಗಾಜಿನ ಹಿಂದಿನಿಂದ ಅವರನ್ನು ನೋಡಿದಳು. ಜಾರಿದ ಮಫ್ಲರಿನಡಿ ಕಡುಗೆಂಪು ಅಂಚೊಂದು ಇಣುಕಿತು. ಹಿರಿಯರು ಮಫ್ಲರ್ ಸರಿಪಡಿಸಿಕೊಂಡು, ಏನೂ ಆಗದವರಂತೆ ಪೇಪರ್ ಎತ್ತಿಕೊಂಡರು. ಅವಳು ಮೈಕನ್ನು ಹತ್ತಿರ ಎಳೆದುಕೊಂಡಳು.

"ಬಂದ್ರು ತಡೀಪಾ, ಎರಡ ನಿಮಿಷ," ಎಂದಳು.

ಗದಗ ಬಸ್ಸಿನ ಚಾಲಕ ಎಂಜಿನ್ ಆರಿಸಿದ.